ಚಲೋ ಕಣ್ಣಿಗೆ ಪಟ್ಟಿ

ಮುನವಳ್ಳಿಯ ನಮ್ಮ ಓಣಿಯಲ್ಲಿ ಮರೆವ್ವನ ಜೊತೆ ವಾದ ಮಾಡಿ ಗೆದ್ದವರು ಯಾರೂ ಇಲ್ಲ. ನಾನು ಗೆದ್ದಿಲ್ಲ, ಅವಳ ಗಂಡ ವಿರೂಪಾಕ್ಷ ಗೆದ್ದಿಲ್ಲ. ಅವಳು ಕಾಳು ಹಸನು ಮಾಡಲು ಹೋಗುವ ಅಡತಿ ಅಂಗಡಿಯ ಮಾಲೀಕನಂತೂ ಪ್ರಯತ್ನವನ್ನೇ ಬಿಟ್ಟಿದ್ದಾನೆ. ನಾನು ಪಕ್ಕದ ಮನೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡವಳು. ಅವಳ ಜಗಳಗಳೆಲ್ಲ ಮೊದಲು ನನ್ನ ಕಿವಿಗೆ ಬಿದ್ದೇ ಓಣಿಗೆ ಹೋಗುತ್ತವೆ. ಆದರೆ ಮಗಳ ಕಣ್ಣಿಗಾಗಿ ಅವಳು ಮಾಡಿದ ಜಗಳದ ತೂಕವೇ ಬೇರೆ.

ಮಗಳ ಹೆಸರು ಸ್ನೇಹಲ್. ಅವಳ ಎಡಗಣ್ಣು ಚಿಕ್ಕಂದಿನಿಂದಲೂ ಒಂಚೂರು ಮೂಗಿನ ಕಡೆಗೆ ವಾಲಿತ್ತು. ನಮ್ಮ ಕಡೆ ಇದಕ್ಕೆ ಔಷಧಿ ಕೇಳುವವರಿಲ್ಲ, ಹೊಗಳುವವರೇ ಎಲ್ಲ. ಮೆಳ್ಳಗಣ್ಣಿನ ಹೆಣ್ಣುಮಗು ಇದ್ದರೆ ಮನೆಯಲ್ಲಿ ಲಕ್ಷ್ಮಿ ಇದ್ದಂತೆ ಎಂದು ಬಂದವರೆಲ್ಲ ಹೇಳಿ ಚಹಾ ಕುಡಿದು ಹೋದರು. ವಿರೂಪಾಕ್ಷನ ತಾಯಿ ಶಟ್ಟೆವ್ವ ಮೊಮ್ಮಗಳಿಗೆ ದೃಷ್ಟಿ ತೆಗೆದು ತೆಗೆದು ಮೆಣಸಿನಕಾಯಿಯ ಡಬ್ಬಿ ಖಾಲಿ ಮಾಡಿದಳು.

ಒಂದನೇ ತರಗತಿಗೆ ಸೇರಿದ ವರ್ಷ ಶಾಲೆಯಲ್ಲಿ ಕಣ್ಣಿನ ತಪಾಸಣೆ ನಡೆಯಿತು. ಗೋಡೆಗೆ ಚಿತ್ರದ ಹಾಳೆ, ಎದುರಿಗೆ ಮಕ್ಕಳ ಸಾಲು. ಒಂದು ಕಣ್ಣು ಮುಚ್ಚಿಕೋ ಎಂದರೆ ಸ್ನೇಹಲ್ ಬೆರಳುಗಳಿಂದ ಮುಚ್ಚಿಕೊಂಡಳು. ಬೆರಳ ಸಂದಿಯಿಂದ ಚಲೋ ಕಣ್ಣಲ್ಲೇ ಎಲ್ಲ ಚಿತ್ರಗಳನ್ನೂ ನೋಡಿ ಹೇಳಿದಳು. ಮೋಸ ಮಾಡಬೇಕೆಂದಲ್ಲ, ಕೇಳಿದ್ದಕ್ಕೆಲ್ಲ ಉತ್ತರ ಕೊಡಬೇಕೆಂದು ಅದೇ ಶಾಲೆಯಲ್ಲಿ ಕಲಿಸಿದ್ದರು. ನೂರಾರು ಮಕ್ಕಳ ಗದ್ದಲದಲ್ಲಿ ಯಾರೂ ಗಮನಿಸಲಿಲ್ಲ. ಕಣ್ಣು ಸರಿಯಿದೆ ಎಂದರು, ನಾವೂ ನಂಬಿದೆವು. ಮಕ್ಕಳ ಕಣ್ಣನ್ನು ಅಂಗೈಯಿಂದ ಪೂರ್ತಿ ಮುಚ್ಚಿಸಿ, ಒಂದೊಂದಾಗಿ ನೋಡಬೇಕು. ಎರಡೂ ತೆರೆದಿದ್ದರೆ ಚಲೋ ಕಣ್ಣು ಕೆಟ್ಟದ್ದರ ಮಾನ ಕಾಯುತ್ತದೆ, ತಂದೆ ತಾಯಿಗೆ ಏನೂ ತಿಳಿಯುವುದಿಲ್ಲ.

ಮರೆವ್ವನಿಗೆ ತಿಳಿದದ್ದು ಮನೆಯಂಗಳದಲ್ಲಿ. ಅವಳು ಜೋಳ ಕೇರುತ್ತಿದ್ದಾಗ ಹೊಟ್ಟು ಹಾರಿ ಸ್ನೇಹಲಳ ಬಲಗಣ್ಣಿಗೆ ಬಿತ್ತು. ಹುಡುಗಿ ಆ ಕಣ್ಣನ್ನು ಒತ್ತಿ ಹಿಡಿದು ನಿಂತಳು.

"ತಗೋ ತಂಬಿಗಿ, ಕಣ್ಣು ತೊಳಕೋ" ಎಂದಳು ತಾಯಿ.

ಹುಡುಗಿ ಕೈ ಚಾಚಿದ್ದು ತಂಬಿಗೆಯ ಪಕ್ಕದ ಗಾಳಿಗೆ. ಇನ್ನೊಮ್ಮೆ ಚಾಚಿದಳು, ಮತ್ತೂ ಗಾಳಿಯೇ. ಮರೆವ್ವ ಮರುದಿನವೇ ಕೆಲಸ ಬಿಟ್ಟು, ಮಗಳನ್ನು ಎಳೆದುಕೊಂಡು ಸವದತ್ತಿಯ ಬಸ್ಸು ಹತ್ತಿದಳು.

ಅಲ್ಲಿಯ ಕಣ್ಣಿನ ಡಾಕ್ಟರಮ್ಮ ಬಿಡಿಸಿ ಹೇಳಿದರು. "ಎಡಗಣ್ಣು ಸತ್ತಿಲ್ಲವ್ವಾ, ಮೈಗಳ್ಳ ಆಗೇತಿ. ಎಲ್ಲಾ ಕೆಲಸ ಬಲಗಣ್ಣ ಮಾಡತೈತಿ. ಅದಕ್ಕ ಮೆದುಳು ಎಡಗಣ್ಣಿನ ಮಾತು ಕೇಳೂದ ಬಿಟ್ಟೈತಿ. ಚಷ್ಮಾ ಹಾಕು. ಸಾಲಿ ಬಿಟ್ಟ ಮ್ಯಾಲ ಹೊತ್ತು ಮುಳುಗೂತನಕ ಚಲೋ ಕಣ್ಣಿಗೆ ಪಟ್ಟಿ ಕಟ್ಟು, ಆಗ ಇದು ದುಡೀತೈತಿ. ಏಳೆಂಟು ವರ್ಷ ತುಂಬೂದ್ರೊಳಗ ಆದ್ರ ಚಲೋ. ತಡಾ ಮಾಡಿದಷ್ಟೂ ಕಠಿಣ ಆಕ್ಕೈತಿ."

ಸ್ನೇಹಲಳಿಗೆ ಆಗಲೇ ಆರು ತುಂಬಿತ್ತು. ಈಗ ತಪ್ಪಿದರೆ ಆ ಕಣ್ಣು ಬದುಕಿಡೀ ಬರೀ ಲೆಕ್ಕಕ್ಕೆ ಕಣ್ಣು.

ಪಟ್ಟಿ ಕಂಡು ಓಣಿ ನಕ್ಕಿತು. ಸಿರಸಂಗಿಯಿಂದ ಬಂದಿದ್ದ ಶಟ್ಟೆವ್ವನ ಅಣ್ಣ ಗಂಗಪ್ಪ ಕಟ್ಟೆಯ ಮೇಲೆ ಕುಳಿತು ತೀರ್ಪು ಕೊಟ್ಟ. "ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಹಾಕಿದ್ರಂತ! ಇರೂದೊಂದು ಚಲೋ ಕಣ್ಣು, ಅದನ್ನ ಮುಚ್ಚತಿ. ಮನಿಗೆ ಬಂದ ಲಕ್ಷ್ಮೀನ್ನ ಹೊರಗ ಹಾಕಾಕತ್ತಿ."

"ಆಕಿ ಬಂದು ಆರು ವರ್ಷ ಆತ್ರಿ ಮಾಮಾ, ಮನಿ ಮ್ಯಾಲಿನ ತಗಡು ಇನ್ನೂ ಸೋರತೈತಿ. ಹೋಗೂದಿದ್ರ ಹೋಗ್ಲಿ" ಎಂದಳು ಮರೆವ್ವ.

ಟೆಂಪೋ ಓಡಿಸುವ ವಿರೂಪಾಕ್ಷ ಡಾಕ್ಟರೂ ಖರೇ, ಮಾಮಾನೂ ಖರೇ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ. ಅವನ ಮಾತನ್ನು ಯಾರೂ ಕೇಳಿರಲೂ ಇಲ್ಲ.

ಅಂಟಿಸುವ ಪಟ್ಟಿ ಕೀಳುವಾಗ ಹುಬ್ಬಿನ ಕೂದಲೂ ಕಿತ್ತು ಬಂದು ಹುಡುಗಿ ಚೀರುತ್ತಿದ್ದಳು. ಹಾಗಾಗಿ ಡಾಕ್ಟರಮ್ಮನನ್ನು ಕೇಳಿಕೊಂಡು, ಚಷ್ಮಾದ ಗಾಜಿಗೆ ತೊಡಿಸುವ ದಪ್ಪ ಬಟ್ಟೆಯ ಚೀಲವೊಂದನ್ನು ನಾನು ಹೊಲಿದುಕೊಟ್ಟೆ. ಪಕ್ಕದಿಂದ ಇಣುಕಲೂ ಸಂದಿಯಿರಲಿಲ್ಲ. ಶಾಲೆ ಬಿಡುವ ಹೊತ್ತಿಗೆ ಮರೆವ್ವ ಅಂಗಡಿಯಿಂದ ಓಡಿ ಬಂದು ತೊಡಿಸಿ, ಮತ್ತೆ ಓಡುತ್ತಿದ್ದಳು. ಸಂಜೆ ಬಂದು ತಾನೇ ತೆಗೆಯುತ್ತಿದ್ದಳು. ನಡುವಿನ ಹೊತ್ತು ಹುಡುಗಿ ಅಜ್ಜಿಯ ಬಳಿ ಇರುತ್ತಿದ್ದಳು.

ಕೆಲವು ತಿಂಗಳ ನಂತರ ಸವದತ್ತಿಗೆ ಹೋದರೆ ಎಡಗಣ್ಣು ಇದ್ದಲ್ಲೇ ಇತ್ತು. ಡಾಕ್ಟರಮ್ಮ ಹುಬ್ಬು ಗಂಟಿಕ್ಕಿ ಹುಡುಗಿಯನ್ನೇ ಕೇಳಿದರು. "ಪಟ್ಟಿ ಇದ್ದಾಗ ಏನ್ ಮಾಡತಿ ಪುಟ್ಟಿ?"

"ಟಿವಿ ನೋಡತೇನಿ. ಕುಂಟಪಿಲ್ಲಿ ಆಡತೇನಿ. ಅವ್ವ ಹೋದಮ್ಯಾಲ ಆಯಿ ಪಟ್ಟಿ ಈ ಕಣ್ಣಿಗೆ ಹಾಕತಾಳ. ಅವ್ವ ಬರೂಮುಂದ ಮತ್ತ ಆ ಕಣ್ಣಿಗೆ."

ಅಂದರೆ ಅಜ್ಜಿ ದಿನಾಲೂ ಮೈಗಳ್ಳ ಎಡಗಣ್ಣಿಗೇ ಹಾಸಿಗೆ ಹಾಸಿ ಮಲಗಿಸಿದ್ದಳು! ಮನೆಗೆ ಬಂದ ಮರೆವ್ವನ ಮುಖ ನೋಡಿ ನಾನು ಯಂತ್ರ ನಿಲ್ಲಿಸಿ ಅವರ ಅಂಗಳಕ್ಕೆ ಹೋದೆ.

ಶಟ್ಟೆವ್ವ ಅಲ್ಲಗಳೆಯಲಿಲ್ಲ. "ಹೌದು, ನಾನ ಬದಲಿ ಮಾಡೇನಿ. ಕಾಲಿಗೆ ಗಾಯ ಆದ್ರ ಗಾಯಕ್ಕ ಪಟ್ಟಿ ಕಟ್ಟತೀವಿ. ಚಲೋ ಕಾಲಿಗೆ ಯಾರರ ಕಟ್ಟತಾರೇನು? ಕೂಸು ಗ್ವಾಡಿ ಹಿಡಕೊಂಡು ಅಡ್ಡಾಡತಿತ್ತು, ಅಳತಿತ್ತು. ನನ್ನ ಕಡಿಂದ ನೋಡಾಕ ಆಗಲಿಲ್ಲ."

ಮರೆವ್ವ ಕೂಗಾಡುತ್ತಾಳೆ ಎಂದುಕೊಂಡೆ. ಅವಳು ಪಟ್ಟಿಯನ್ನು ಮಗಳ ಬಲಗಣ್ಣಿಗೆ ಸರಿಯಾಗಿ ತೊಡಿಸಿ, ಹೊಸ್ತಿಲ ಮೇಲೆ ಕೂರಿಸಿದಳು.

"ಅತ್ತಿ, ಆ ಬೇವಿನ ಗಿಡದ ಬುಡಕ್ಕ ಹೋಗಿ ನಿಂದರ್ರಿ. ಬಾಯಿ ಮಾತ್ರ ಬಿಡಬ್ಯಾಡ್ರಿ. ಅಕ್ಕಾ, ನೀವೂ ಅವರ ಬಾಜೂಕ ನಿಂದರ್ರಿ."

ಹೋಗಿ ನಿಂತೆವು.

"ಸ್ನೇಹಲ್, ಅಲ್ಲಿ ನಿಂತವರೊಳಗ ಆಯಿ ಯಾರು?"

ಹುಡುಗಿ ಕುತ್ತಿಗೆ ಮುಂದೆ ಚಾಚಿದಳು. ನನ್ನನ್ನು ನೋಡಿದಳು, ಅಜ್ಜಿಯನ್ನು ನೋಡಿದಳು, ಮತ್ತೆ ನನ್ನನ್ನು. ಶಟ್ಟೆವ್ವ ನಕ್ಕಳು, ಕೈಯಾಡಿಸಿದಳು.

"ಯಾರರ ಮಾತಾಡ್ರಿ" ಎಂದಳು ಸ್ನೇಹಲ್. "ಅಂದ್ರ ಹೇಳತೇನಿ."

ಶಟ್ಟೆವ್ವ ಅಲ್ಲೇ ಕುಸಿದು ಕುಳಿತಳು. ತಾನು ಎತ್ತಿ ಆಡಿಸಿದ ಕೂಸಿಗೆ ತನ್ನ ಮುಖ ಕಾಣುತ್ತಿಲ್ಲ ಎಂಬುದು ಆ ಮುದುಕಿಯ ಎದೆಗೆ ನಾಟಿತು. ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ನನಗೂ ತಡೆಯಲಾಗಲಿಲ್ಲ. ಮರೆವ್ವ ಮಾತ್ರ ಇಬ್ಬರನ್ನೂ ಸಮಾಧಾನ ಮಾಡಲಿಲ್ಲ.

"ಅಳೂದು ಆಮ್ಯಾಲ. ಇಷ್ಟು ತಿಂಗಳು ಹಾಳಾದೂ. ನಾಳಿಂದ ಈ ಪಟ್ಟಿ ಕಾಯವ್ರು ನೀವ, ಅತ್ತಿ."

ಕಾದಳು ನೋಡಿ ಮುದುಕಿ! ಹುಡುಗಿ ಪಟ್ಟಿಗೆ ಕೈ ಹಚ್ಚಿದರೆ ಸಾಕು, ಓಣಿಯೇ ಬೆಚ್ಚುವಂತೆ ಗದರುತ್ತಿದ್ದಳು. ಮರೆವ್ವ ಮೊರದಲ್ಲಿ ಜೋಳ ಹರವಿಟ್ಟು ಹೋಗುತ್ತಿದ್ದಳು. ಹುಡುಗಿ ಅದರಲ್ಲಿಯ ಹರಳು ಹೆಕ್ಕಬೇಕು. ಮೊದಮೊದಲು ಅವಳು ಬೆರಳಿಂದ ತಡವಿ ತೆಗೆಯುತ್ತಿದ್ದಳು, ಶಟ್ಟೆವ್ವ ಕೈ ಹಿಡಿದು ನಿಲ್ಲಿಸುತ್ತಿದ್ದಳು. "ಕೈ ಬ್ಯಾಡ, ಕಣ್ಣಿಲೆ ಹುಡುಕು." ಹುಡುಗಿ ಅತ್ತಳು, ಮೊರ ಒದ್ದಳು, ಪಟ್ಟಿಯನ್ನು ಗಟಾರಕ್ಕೂ ಎಸೆದಳು. ನಾನು ಇನ್ನೊಂದು ಹೊಲಿದೆ. ಮದುವೆಯಲ್ಲಿ, ಸಂತೆಯಲ್ಲಿ ಜನ ಅಯ್ಯೋ ಪಾಪ ಎಂದರೆ ಮರೆವ್ವ ಮಗಳನ್ನು ಇನ್ನೂ ಮುಂದಿನ ಸಾಲಿಗೇ ಕರೆದೊಯ್ದು ಕೂರಿಸುತ್ತಿದ್ದಳು.

ಮುಂದಿನ ವರ್ಷ ಒಂದು ದಿನ ಸವದತ್ತಿಗೆ ಹೊರಟು ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆವು. ನಾನೂ ಜೊತೆಗಿದ್ದೆ. ಸ್ನೇಹಲಳ ಬಲಗಣ್ಣಿಗೆ ಪಟ್ಟಿಯಿತ್ತು. ಬಸ್ಸೊಂದು ತಿರುಗಿ ಒಳಗೆ ಬಂತು, ಮರೆವ್ವ ಚೀಲ ಎತ್ತಿಕೊಂಡಳು.

"ಇದು ನಮ್ಮದಲ್ಲಬೇ" ಎಂದಳು ಹುಡುಗಿ. "ಸಿರಸಂಗಿ ಅಂತ ಬರದೈತಿ."

ಮರೆವ್ವ ಚೀಲ ಕೆಳಗಿಟ್ಟು, ಆಚೆ ಮುಖ ತಿರುಗಿಸಿ ಅತ್ತಳು. ಅವಳು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಅಂದು ಡಾಕ್ಟರಮ್ಮನೂ ದೃಷ್ಟಿ ಬಹಳ ಬಂದಿದೆ ಎಂದರು, ಪಟ್ಟಿ ಇನ್ನಷ್ಟು ದಿನ ಬೇಕೆಂದರು.

ಕಣ್ಣಿನ ವಾಲು ಮಾತ್ರ ಪೂರ್ತಿ ಹೋಗಿಲ್ಲ. ಚಷ್ಮಾ ತೆಗೆದರೆ ಎಡಗಣ್ಣು ಈಗಲೂ ಮೂಗಿನ ಕಡೆಗೇ ಸರಿಯುತ್ತದೆ. ಮೊನ್ನೆ ಗಂಗಪ್ಪ ಬಂದವನು ಹುಡುಗಿಯ ಗದ್ದ ಹಿಡಿದು ಆಚೆ ಈಚೆ ತಿರುಗಿಸಿ ನೋಡಿದ.

"ಇಷ್ಟೆಲ್ಲಾ ಗೋಳಾಡಿಸಿದಿ, ಮೆಳ್ಳಗಣ್ಣು ಇದ್ದಂಗ ಐತೆಲ್ಲ. ನೋಡಿದ್ರ ಏನೂ ಫರಕ ಕಾಣವಲ್ದು."

ಮರೆವ್ವ ಅವನ ಕೈಯಿಂದ ಮಗಳ ಮುಖ ಬಿಡಿಸಿಕೊಂಡಳು.

"ಆಕಿ ಕಣ್ಣು ಇರೂದು ನೀವು ನೋಡಾಕ ಅಲ್ರಿ ಮಾಮಾ. ಆಕಿ ನೋಡಾಕ."