ಅಮ್ಮ ಕೂರಿಸಿದ ಸೌಂಡ್ ಕಾರ್ಡ್

ಹಳೆಯ ಸೌಂಡ್ ಕಾರ್ಡಿನ ದನಿಯನ್ನೇ ಹೊರಡಿಸುವ ತಂತ್ರಾಂಶವನ್ನು ಇಂದು ಲ್ಯಾಪ್‌ಟಾಪಿಗೆ ಹಾಕಿ, ಬಾಲ್ಯದ ವಿಮಾನದ ಆಟ ತೆರೆದೆ. ಮೊದಲ ಸ್ವರಕ್ಕೇ ಹರಿಹರದ ನಮ್ಮ ಟೈಪಿಂಗ್ ಕೇಂದ್ರಕ್ಕೆ ಹೋಗಿಬಿಟ್ಟೆ.

ಅಲ್ಲಿದ್ದದ್ದು ಒಂದೇ ಕಂಪ್ಯೂಟರು. ಮನೆ ನಡೆಯುತ್ತಿದ್ದದ್ದೂ ಅದರಿಂದಲೇ. ನನ್ನ ಆಟ ಮೂಕವಾಗಿದೆಯೆಂದು ಅಮ್ಮ ದಾವಣಗೆರೆಯಿಂದ ಸೌಂಡ್ ಕಾರ್ಡ್ ತಂದು, ತಾನೇ ಕಂಪ್ಯೂಟರಿನ ಡಬ್ಬಿ ಬಿಚ್ಚಿ ಕೂರಿಸಿದಳು.

"ಸುಟ್ಟುಗಿಟ್ಟು ಹೋದ್ರೆ ಹೆಂಗೆ? ಬ್ಯಾಡ ಬಿಡು," ಎಂದರು ಅಪ್ಪ.

"ಸುಮ್ನೆ ಕೂಡ್ರಿ," ಎಂದು ಅಮ್ಮ ಸ್ವಿಚ್ ಒತ್ತಿದಳು.

ಪರದೆ ಬೆಳಗಲಿಲ್ಲ. ಅಪ್ಪ ಎದ್ದು ನಿಂತರು. ಅಮ್ಮ ಸ್ವಿಚ್ ಆರಿಸಿ, ಬೆವರು ಒರೆಸಿಕೊಂಡು, ಕಾರ್ಡ್ ಕಿತ್ತು, ಅದರ ಹೊಂಬಣ್ಣದ ಅಂಚಿನ ಕೊಳೆಯನ್ನು ನನ್ನ ರಬ್ಬರಿನಿಂದ ಉಜ್ಜಿ ತೆಗೆದು, ಮತ್ತೆ ಬಲವಾಗಿ ಒತ್ತಿ ಕೂರಿಸಿ, ಸ್ವಿಚ್ ಹಾಕಿದಳು. ಈ ಸಲ ಪರದೆ ಬೆಳಗಿತು. ಆಟ ತೆರೆದೊಡನೆ ಸ್ಪೀಕರಿನಿಂದ ನಗಾರಿ ಮೊಳಗಿತು. ಅಪ್ಪ ಕುರ್ಚಿಗೆ ಕುಸಿದರು.

ಈಗ ಲ್ಯಾಪ್‌ಟಾಪಿನ ಸಂಗೀತ ಕೇಳಿ ಅಮ್ಮ ಪಕ್ಕದಲ್ಲಿ ಬಂದು ಕೂತಳು.

"ಚಲೋ ಐತೆ. ಆದ್ರೆ ನಮ್ದು ಇದಕ್ಕಿಂತ ಜೋರಿತ್ತು."