ಮುಚ್ಚಳ ಎತ್ತುವಷ್ಟು ಜಾಗ

ಸೊಂಟದೆತ್ತರದಲ್ಲಿ ಸಪಾಟಾಗಿರುವ ಯಾವ ವಸ್ತುವೂ ನಮ್ಮ ಮನೆಯಲ್ಲಿ ಬರಿದಾಗಿ ಉಳಿಯುವುದಿಲ್ಲ. ಫ್ರಿಜ್ಜಿನ ನೆತ್ತಿ, ವಾಷಿಂಗ್ ಮೆಷೀನಿನ ಬೆನ್ನು, ಕಿಟಕಿಯ ಕಟ್ಟೆ, ಕೊನೆಗೆ ಅಲುಗಾಡದೆ ಸ್ವಲ್ಪ ಹೊತ್ತು ಕುಳಿತರೆ ನನ್ನ ತೊಡೆ ಕೂಡ ಯಾವುದೋ ಪದಾರ್ಥಕ್ಕೆ ತಾತ್ಕಾಲಿಕ ತಂಗುದಾಣವಾಗಿಬಿಡುತ್ತದೆ. ಇಟ್ಟವರು ಯಾರೆಂದು ವಿಚಾರಿಸಿದರೆ ಯಾರೂ ಇಟ್ಟಿರುವುದಿಲ್ಲ. ಅವು ತಾವೇ ನಡೆದು ಬಂದು ಕೂತಿರುತ್ತವೆ. ಹೀಗೆ ನಡೆದು ಬರುವ ವಸ್ತುಗಳಿಗೆಲ್ಲ ಅತ್ಯಂತ ಪ್ರಿಯವಾದ ಆಸನ ಯಾವುದೆಂದರೆ ನನ್ನ ಗ್ರಾಮಫೋನ್ ಪ್ಲೇಯರಿನ ಮುಚ್ಚಳ. ಕರಿಬೇವಿನ ಕಟ್ಟು, ಮನೆಯ ಬೀಗದ ಕೈ, ಶಾವಿಗೆ ಡಬ್ಬಿ, ಹೊಲಿಗೆಗೆ ಕೊಡಬೇಕಾದ ರವಿಕೆ ಬಟ್ಟೆ. ಒಂದು ರಾಗ ಕೇಳಬೇಕೆನಿಸಿದರೆ ನಾನು ಮೊದಲು ಒಂದು ಸಣ್ಣ ಸಂತೆಯನ್ನು ಎತ್ತಂಗಡಿ ಮಾಡಬೇಕು. ಅಷ್ಟು ಹೊತ್ತಿಗೆ ಕೇಳುವ ರಸಿಕತೆ ಬತ್ತಿ, ಬೈಯುವ ಉತ್ಸಾಹವೊಂದೇ ಉಳಿದಿರುತ್ತದೆ.

ಆ ಪ್ಲೇಯರು, ಅದರ ಆಂಪ್ಲಿಫೈಯರು, ಎರಡು ಸ್ಪೀಕರುಗಳು, ಇವಿಷ್ಟೂ ನಾವು ಹಲಸೂರಿನ ಬಾಡಿಗೆ ಮನೆ ಬಿಟ್ಟು ಕಗ್ಗದಾಸಪುರದ ಈ ಫ್ಲಾಟಿಗೆ ಬಂದ ದಿನ ಊಟದ ಮೇಜಿನ ಮೇಲೆ ಇಳಿದವು, ಮತ್ತೆ ಏಳಲಿಲ್ಲ. ಎರಡು ವರ್ಷದಿಂದ ಮೇಜಿನ ಮೇಲೆ ಅವುಗಳ ವಾಸ, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ನಮ್ಮ ಉಪವಾಸವಲ್ಲದ ವಾಸ. ನಾನು ದಾವಣಗೆರೆ ಕಡೆಯವನಾದ್ದರಿಂದ ನೆಲದ ಮೇಲೆ ಕೂತು ರೊಟ್ಟಿ ಮುರಿಯುವುದರಲ್ಲಿ ನನಗೇನೂ ನಷ್ಟವಿರಲಿಲ್ಲ. ಆದರೆ ನನ್ನ ಹೆಂಡತಿ ವಸಂತಾ ಹಲಸೂರಿನಲ್ಲೇ ಹುಟ್ಟಿ ಬೆಳೆದವಳು. ಅವಳ ದುಃಖ ಮೇಜಿನದಲ್ಲ, ಗೊಂಬೆಗಳದು. ಹಳೆಯ ಮನೆಯ ಗೋಡೆಯಲ್ಲೇ ಮೆಟ್ಟಿಲುಗಳಿದ್ದವು. ನವರಾತ್ರಿಗೆ ಅವುಗಳ ಮೇಲೆ ಅವಳ ತವರಿನ ಗೊಂಬೆಗಳು ಕೂರುತ್ತಿದ್ದವು. ಈ ಮನೆಯಲ್ಲಿ ಮೆಟ್ಟಿಲಿಲ್ಲ, ಮೆಟ್ಟಿಲು ಕಟ್ಟಲು ಜಾಗವೂ ಇಲ್ಲ. ಇದ್ದ ಜಾಗದಲ್ಲಿ ನನ್ನ ವೈರುಗಳು ಹಾವಿನಂತೆ ಸುತ್ತಿಕೊಂಡಿದ್ದವು. ಈ ಸಲ ಭಾದ್ರಪದ ಬಂದ ಕೂಡಲೇ ಅವಳು ನಿರ್ಣಯ ಮಂಡಿಸಿದಳು.

“ನವರಾತ್ರಿ ಶುರುವಾಗೋ ಹೊತ್ತಿಗೆ ಮೇಜು ಖಾಲಿ ಆಗ್ಬೇಕು ರೀ. ಇಲ್ಲಾಂದ್ರೆ ನಾಗರಾಜಣ್ಣಂಗೆ ಫೋನ್ ಮಾಡಿ ತಗೊಂಡ್ಹೋಗಿ ಅಂತೀನಿ.”

ನಾಗರಾಜ ನನ್ನ ಆಫೀಸಿನ ಗೆಳೆಯ, ರಾಮಮೂರ್ತಿ ನಗರದವನು, ನನ್ನ ಪ್ಲೇಯರಿನ ಮೇಲೆ ಬಹುಕಾಲದಿಂದ ಕಣ್ಣಿಟ್ಟವನು. ಅವನಿಗೆ ಸುದ್ದಿ ಹೇಗೆ ಮುಟ್ಟಿತೋ ಕಾಣೆ, ಮರುದಿನದಿಂದಲೇ ಗರುಡಾಚಾರ್‌ಪಾಳ್ಯದ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಕಾಫಿ ಹೀರುತ್ತ, ಆಸ್ಪತ್ರೆಯಲ್ಲಿರುವ ನೆಂಟರನ್ನು ವಿಚಾರಿಸುವ ದನಿಯಲ್ಲಿ, “ಏನ್ ಗುರು, ಹೆಂಗಿದೆ ಪ್ಲೇಯರು?” ಎನ್ನತೊಡಗಿದ. ಹಾಗಾಗಿ ಒಂದು ಶೆಲ್ಫು ಕಟ್ಟುವುದು ನನ್ನ ಪಾಲಿಗೆ ಹವ್ಯಾಸವಲ್ಲ, ಆತ್ಮರಕ್ಷಣೆಯಾಯಿತು.

ಕೊಂಡು ತರಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ದಯವಿಟ್ಟು ಕೇಳಬೇಡಿ, ಎಲ್ಲರೂ ಕೇಳಿಯಾಗಿದೆ. ಕೊಳ್ಳುವ ಶೆಲ್ಫುಗಳೆಲ್ಲ ಟೀವಿಗಾಗಿ ಹುಟ್ಟಿದವು, ಪೊಳ್ಳು ಹಲಗೆಯವು. ಅವುಗಳ ಮೇಲೆ ಪ್ಲೇಯರ್ ಇಟ್ಟು ಯಾರಾದರೂ ಪಕ್ಕದಲ್ಲಿ ನಡೆದರೆ ಮುಳ್ಳು ಹಾರಿ ಗಾಯಕರು ಒಂದೇ ನೆಗೆತಕ್ಕೆ ಆಲಾಪದಿಂದ ತಾನಕ್ಕೆ ಬಂದುಬಿಡುತ್ತಾರೆ. ಗಟ್ಟಿ ಮರ ಬೇಕು, ಮೂರು ಹಲಗೆ ಸಾಕು: ಕೆಳಗೆ ಗ್ರಾಮಫೋನ್ ತಟ್ಟೆಗಳು, ನಡುವೆ ಪ್ಲೇಯರು, ಗಾಳಿಯಾಡಲೆಂದು ಎಲ್ಲಕ್ಕಿಂತ ಮೇಲೆ ಆಂಪ್ಲಿಫೈಯರು. ವಸಂತಾಳ ಹೊಲಿಗೆ ಟೇಪು ಹಿಡಿದು ಎಲ್ಲವನ್ನೂ ಅಳೆದೆ. ಪ್ಲೇಯರಿನ ಮುಚ್ಚಳದ ಮೇಲೆ ಎಂದಿನಂತೆ ಸಂತೆ ನೆರೆದಿತ್ತು. ಅದನ್ನು ಯಾರು ಎತ್ತಿಳಿಸುತ್ತಾರೆಂದು ಬೇಸರಪಟ್ಟುಕೊಂಡು ಇದ್ದ ಹಾಗೆಯೇ ಅಳೆದೆ. ಓದುಗರು ಈ ಬೇಸರವನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ಹುಣ್ಣಿಮೆಯ ದಿನ ಶಿವಾಜಿನಗರದ ಮರದ ಅಂಗಡಿಗೆ ಹೋದೆ. ಅಂಗಡಿಯ ಭಾಯಿ ನನ್ನ ನಕ್ಷೆಯನ್ನು ತಿರುಗಿಸಿ ಮುರುಗಿಸಿ ನೋಡಿ, “ಸಾರ್, ಇನ್ನೊಂದ್ಸಲ ಸೋಚ್ ಲೋ. ಮಿಷನ್ನಿಗೆ ಕೊಟ್ಮೇಲೆ ವಾಪಸ್ ಇಲ್ಲ,” ಎಂದರು. ನಾನು ವಿಜ್ಞಾನಿಯ ಗಾಂಭೀರ್ಯದಿಂದ ತಲೆಯಾಡಿಸಿದೆ. ತೇಗದ ಹಲಗೆಗಳು ಅಳತೆಗೆ ತಕ್ಕಂತೆ ಕತ್ತರಿಸಿಕೊಂಡು ಲಗೇಜ್ ಆಟೋ ಏರಿದವು. ಆಟೋ ಹಲಸೂರು ದಾಟುವಷ್ಟರಲ್ಲಿ ಸಂಜೆಯ ವಾಹನಪ್ರವಾಹ ನಮ್ಮನ್ನು ನುಂಗಿತು. ಹಳೇ ಮದರಾಸು ರಸ್ತೆಯಲ್ಲಿ ಹಲಗೆಗಳನ್ನು ತಬ್ಬಿಕೊಂಡು ಕೂತೇ ಇದ್ದೆ. ಕೊನೆಗೂ ಮನೆ ಮುಟ್ಟಿದಾಗ ವಸಂತಾ ಬಾಗಿಲಿಗೆ ಅಡ್ಡ ನಿಂತಿದ್ದಳು.

“ಹುಣ್ಣಿಮೆ ಆಗ್ಲೇ ಮುಗೀತು ರೀ. ಪಕ್ಷ ಹತ್ಕೊಂಡ್ತು. ಪಕ್ಷದಲ್ಲಿ ಹೊಸ ಮರ ಮನೆಯೊಳಗೆ ತರೋ ಹಾಗಿಲ್ಲ.”

ನಾನು ಹೊರಟಾಗ ಹುಣ್ಣಿಮೆ, ತಲುಪಿದಾಗ ಪಿತೃಪಕ್ಷ. ಟ್ರಾಫಿಕ್ಕಿನಲ್ಲಿ ತಿಥಿಯೇ ಬದಲಾಗಿಹೋಗಿತ್ತು. ಪಕ್ಷ ಮುಗಿಯುವುದು ಮಹಾಲಯ ಅಮಾವಾಸ್ಯೆಗೆ, ಮರುದಿನವೇ ನವರಾತ್ರಿ. ಅಂದರೆ ಗಡುವು ಕೊಟ್ಟವಳೇ ಗಡುವಿನ ತನಕ ಕೆಲಸ ಮಾಡುವ ಹಾಗಿಲ್ಲವೆಂದೂ ಹೇಳುತ್ತಿದ್ದಳು! ಇದನ್ನು ತರ್ಕಬದ್ಧವಾಗಿ ವಿವರಿಸಿದೆ. ಅವಳು ತಾಳ್ಮೆಯಿಂದ ಕೇಳಿ, ಪಿತೃಗಳಿಗೆ ನನ್ನ ತರ್ಕ ಅರ್ಥವಾಗುವುದಿಲ್ಲವೆಂದಳು. ಬಹಳ ವಾದದ ನಂತರ ಒಂದು ರಾಜಿಯಾಯಿತು. ನೆಲಮಾಳಿಗೆಯ ಪಾರ್ಕಿಂಗು ಮನೆಯೊಳಗಲ್ಲ. ಅಲ್ಲಿ ಏನು ಬೇಕಾದರೂ ಕಟ್ಟಿಕೊಳ್ಳಬಹುದು, ಪಾಡ್ಯದ ಬೆಳಿಗ್ಗೆ ಮೇಲೆ ತರಬಹುದು.

ಬಂಧುಗಳೇ, ಮಾನಾವಮಾನಗಳ ಆಚೆಗೆ ಹೋಗಬೇಕೆಂಬ ಆಸೆಯಿದ್ದವರು ಹಿಮಾಲಯಕ್ಕೆ ಹೋಗಬೇಕಾಗಿಲ್ಲ. ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಕೂತು ಮರಗೆಲಸ ಮಾಡಿದರೆ ಸಾಕು. ಸ್ಕೂಟರ್ ತೆಗೆಯಲು ಬಂದವರು, ಸ್ಕೂಟರ್ ಇಡಲು ಬಂದವರು, ಸ್ಕೂಟರೇ ಇಲ್ಲದವರು ಕೂಡ ನಿಂತು ಸಲಹೆ ಕೊಟ್ಟರು. ಮೊಳೆ ಹೊಡೆದರೆ ಸ್ಕ್ರೂ ಹಾಕಬೇಕಿತ್ತೆಂದರು, ಸ್ಕ್ರೂ ಹಾಕಿದರೆ ಅಂಟೇ ಸಾಕಿತ್ತೆಂದರು. ಉಪ್ಪುಕಾಗದ ಹಿಡಿದು ಉಜ್ಜುತ್ತ ಕೂತರೆ, ಉಜ್ಜುವ ಯಂತ್ರವೇ ಸಿಗುತ್ತದೆ, ಗೊತ್ತಿಲ್ಲವೇ ಎಂದು ಮರುಗಿದರು. “ಆನ್‌ಲೈನಲ್ಲಿ ರೆಡಿ ಸಿಗುತ್ತಲ್ಲ ಸಾರ್” ಎಂದವರ ಮುಖಗಳನ್ನು ನಾನು ಮರೆತಿಲ್ಲ, ಮರೆಯುವುದೂ ಇಲ್ಲ. ಈ ಸಲಹೆಗಳಿಗೆಲ್ಲ ಕಳಶವಿಟ್ಟವರು ನೆಲಮಹಡಿಯ ಪಾಟಿ. ಮೊಮ್ಮಕ್ಕಳನ್ನು ಕಂಡ ತಮಿಳಿನ ಅಜ್ಜಿ, ಇಡೀ ಕಟ್ಟಡಕ್ಕೇ ಪಾಟಿ. ನನ್ನ ಕೃತಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, “ಚೆನ್ನಾಗಿದೆಪ್ಪಾ. ಎಷ್ಟು ನಾಯಿ ಇರತ್ತೆ ಇದರಲ್ಲಿ?” ಎಂದು ಕೇಳಿದರು.

ಆದರೂ ಮುಗಿಸಿದೆ. ಬೆರಳಿಗೆ ಎರಡು ಪಟ್ಟಿ, ಪ್ಯಾಂಟಿಗೆ ಪಾಲಿಷಿನ ಕಲೆ, ಮನಸ್ಸಿನಲ್ಲಿ ವಿಶ್ವಕರ್ಮನ ಠೀವಿ. ಶೆಲ್ಫು ಪಾರ್ಕಿಂಗಿನಲ್ಲಿ ಒಂದಿಷ್ಟೂ ಅಲುಗದೆ ನಿಂತಿತ್ತು. ಪಾಡ್ಯದ ಬೆಳಿಗ್ಗೆ ಮೇಲೆ ತಂದು ಹಾಲಿನಲ್ಲಿ ನಿಲ್ಲಿಸಿದರೆ ಕುಂಟಿತು. ಪಾರ್ಕಿಂಗಿನ ನೆಲವನ್ನು ನೀರು ಹರಿದುಹೋಗಲೆಂದು ಇಳಿಜಾರಾಗಿ ಹಾಕಿರುತ್ತಾರೆಂಬುದು ಮೋರಿಗೆ ಗೊತ್ತಿತ್ತು, ನನಗಿರಲಿಲ್ಲ. ಕಾಗದ ಮಡಚಿ ಕಾಲಿಗೆ ಕೊಟ್ಟು ಆ ಅವಮಾನವನ್ನು ಮುಚ್ಚಿದೆ. ಪ್ಲೇಯರನ್ನು ನಡುವಿನ ಅಂತಸ್ತಿಗೆ ನೂಕಿದೆ. ಆಹಾ, ಒಳಗೆ ಜಾರಿದ್ದೇನು, ಕೂತ ಚೆಂದವೇನು! ಹೆಮ್ಮೆಯಿಂದ ಮುಚ್ಚಳ ಎತ್ತಿದೆ. ಅದು ನಾಲ್ಕು ಬೆರಳಷ್ಟು ಎದ್ದು, ಮೇಲಿನ ಹಲಗೆಗೆ ತಲೆ ಬಡಿದುಕೊಂಡು ನಿಂತಿತು.

ಇನ್ನೊಮ್ಮೆ ಎತ್ತಿದೆ. ಮರ ಅದೇ ಮಾತು ಹೇಳಿತು. ಗ್ರಾಮಫೋನ್ ಪ್ಲೇಯರಿನ ಮುಚ್ಚಳ ಮೇಲಕ್ಕೆ ತೆರೆಯುತ್ತದೆ ಎಂಬ ಸಂಗತಿ, ಇಷ್ಟು ವರ್ಷ ಅದನ್ನು ತೆರೆಯುತ್ತ ಬಂದ ನನಗೆ ಅಳೆಯುವಾಗ ಹೊಳೆದಿರಲಿಲ್ಲ. ವಸ್ತುಗಳನ್ನು ಮಾತ್ರವಲ್ಲ, ಮನೆಮಂದಿಯನ್ನೂ ನಾವು ಮುಚ್ಚಿಕೊಂಡಿರುವಾಗಲೇ ಅಳೆದು ಜಾಗ ಕೊಡುತ್ತೇವೆ, ತೆರೆದುಕೊಂಡರೆ ಎಷ್ಟು ಬೇಕೆಂದು ಲೆಕ್ಕ ಹಾಕುವುದಿಲ್ಲ ಎಂಬ ತತ್ತ್ವ ಆ ಕ್ಷಣದಲ್ಲೇ ಹೊಳೆಯಿತು. ಆದರೆ ಮುಚ್ಚಳ ತೆರೆಯಲಾಗದವನಿಗೆ ತತ್ತ್ವದಿಂದ ಏನು ಪ್ರಯೋಜನ? ಶಿವಾಜಿನಗರದ ಭಾಯಿಯನ್ನು, ಕರಿಬೇವನ್ನು, ಶಾವಿಗೆಯನ್ನು ಒಟ್ಟಿಗೆ ಶಪಿಸಿದೆ. ಆಮೇಲೆ ಬುದ್ಧಿ ಓಡಿತು: ಆಂಪ್ಲಿಫೈಯರನ್ನು ನಡುವಿಗಿಳಿಸಿ, ಪ್ಲೇಯರನ್ನು ತುತ್ತತುದಿಯ ಹಲಗೆಗೇರಿಸಿದೆ. ಈಗ ಮುಚ್ಚಳದ ಮೇಲೆ ಸೂರಿನ ತನಕ ಬಯಲು. ಗೆದ್ದೆ ಎಂದುಕೊಂಡು ತಿರುಗಿದರೆ ವಸಂತಾ ತಲೆಗೆ ಸ್ನಾನ ಮಾಡಿ, ಕೂದಲಿಗೆ ಟವಲು ಸುತ್ತಿ, ಎರಡೂ ಕೈಯಲ್ಲಿ ಒಂದೊಂದು ಗೊಂಬೆ ಹಿಡಿದು ನಿಂತಿದ್ದಳು. ಅವಳ ಪಟ್ಟದ ಗೊಂಬೆಗಳು, ಮದುವೆಯಲ್ಲಿ ಅವಳ ತಾಯಿ ಮಡಿಲಿಗೆ ಹಾಕಿ ಕಳಿಸಿದ ಮರದ ರಾಜ ಮತ್ತು ರಾಣಿ.

“ಮೂರು ಹಲಗೆ,” ಎಂದಳು. “ಬೆಸ ಸಂಖ್ಯೆ. ಮೆಟ್ಟಿಲಿಗೆ ಹೇಳಿ ಮಾಡ್ಸಿದ ಹಾಗಿದೆ.”

“ವಸಂತಾ, ಇದು ನನ್ನ ಪ್ಲೇಯರಿಗೆ...”

“ಮೇಲಿನ ಮೆಟ್ಟಿಲು ಪಟ್ಟದ ಗೊಂಬೆಗೆ ರೀ. ರಾಜ ರಾಣಿನ ಯಾರಾದ್ರೂ ಕೆಳಗೆ ಕೂರಿಸ್ತಾರಾ? ಎರಡು ವರ್ಷ ಆಯ್ತು ಇವು ಟ್ರಂಕಲ್ಲಿ ಮಲಗಿ.”

ಕೊನೆಯ ಮಾತನ್ನು ಅವಳು ನನಗೆ ಹೇಳಲಿಲ್ಲ, ಗೊಂಬೆಗಳಿಗೆ ಹೇಳಿದಳು. ರಾಣಿಯ ಮೂಗಿನ ತುದಿಯ ಬಣ್ಣ ಸ್ವಲ್ಪ ಎದ್ದಿತ್ತು. ಅದನ್ನು ಹೆಬ್ಬೆರಳಿನಿಂದ ಸವರುತ್ತಿದ್ದಳು. ಸಿಟ್ಟು ಮಾಡಲು ನನಗೆ ಸಕಲ ಕಾರಣಗಳಿದ್ದವು. ಆದರೂ ಆಗಲಿಲ್ಲ. ಕೊನೆಗೆ ದಾರಿ ಕಂಡುಕೊಂಡವಳೂ ಅವಳೇ. ಪ್ಲೇಯರ್ ಮೇಲಿನ ಹಲಗೆಯಲ್ಲೇ ಇರಲಿ, ಮುಚ್ಚಿದ ಮುಚ್ಚಳದ ಮೇಲೆ ರೇಷ್ಮೆಯ ತುಂಡು ಹಾಸಿ ರಾಜ–ರಾಣಿ ಕೂರಲಿ; ಅವರಿಗೂ ಎತ್ತರದ ಸಿಂಹಾಸನವಾಯಿತು. ಆಂಪ್ಲಿಫೈಯರಿನ ಇಕ್ಕೆಲದಲ್ಲಿ ದಶಾವತಾರ ನಿಂತಿತು, ಕೆಳಗೆ ಶೆಟ್ಟರ ಗೊಂಬೆ ಶೆಟ್ಟಮ್ಮನ ಜೊತೆ ಅಂಗಡಿ ಹೂಡಿತು. ಸ್ಪೀಕರುಗಳು ಶೆಲ್ಫಿನ ಎಡಬಲದಲ್ಲಿ ನೆಲದ ಮೇಲೆ ನಿಂತವು, ನನ್ನ ಗ್ರಾಮಫೋನ್ ತಟ್ಟೆಗಳು ಮಂಚದ ಕೆಳಗೆ ಅಜ್ಞಾತವಾಸಕ್ಕೆ ಹೊರಟವು. ಗೊಂಬೆ ಎಬ್ಬಿಸಿ ಮುಚ್ಚಳ ತೆರೆಯುವ ಮಾತೇ ಇಲ್ಲ; ಪಟ್ಟಕ್ಕೆ ಕೂತ ರಾಜನನ್ನು ವಿಜಯದಶಮಿಯ ತನಕ ಅಲುಗಿಸಬಾರದು.

ಮುಚ್ಚಳದೊಳಗೆ ಎಂದೋ ಹಾಕಿ ಮರೆತ ಒಂದು ತಟ್ಟೆ ಉಳಿದುಕೊಂಡಿತ್ತು. ಅದು ಸಂಗೀತದ್ದಲ್ಲ. ಸ್ಪೀಕರುಗಳ ಯೋಗ್ಯತೆ ಪರೀಕ್ಷಿಸಲು ಇರುವ ತಟ್ಟೆ. ಅದರಲ್ಲಿ ಗುಡುಗುತ್ತದೆ, ಗಂಟೆ ಹೊಡೆಯುತ್ತದೆ, ಒಂದು ರೈಲು ಎಡಗಡೆಯ ಸ್ಪೀಕರಿನಿಂದ ಹೊರಟು ಬಲಗಡೆಯ ಸ್ಪೀಕರಿನೊಳಗೆ ಹೋಗಿಬಿಡುತ್ತದೆ. ನನ್ನ ಪ್ಲೇಯರಿಗೆ ಮುಂಭಾಗದಲ್ಲಿ ಒಂದು ಗುಂಡಿಯಿದೆ. ಒತ್ತಿದರೆ ಮುಚ್ಚಳದೊಳಗೇ ಮುಳ್ಳಿನ ಕೈ ತಾನೇ ಎದ್ದು ತಟ್ಟೆಯ ಮೇಲಿಳಿಯುತ್ತದೆ.

ಆ ಸಂಜೆ ಅರಿಶಿನ ಕುಂಕುಮಕ್ಕೆ ಹೆಂಗಸರು ಬಂದರು. ಗೊಂಬೆಯ ಮುಂದೆ ಯಾರಾದರೂ ಒಂದು ಹಾಡು ಹೇಳಬೇಕೆಂಬುದು ಪದ್ಧತಿ, ಯಾರೂ ಹೇಳಲು ಒಪ್ಪದಿರುವುದು ಇನ್ನೂ ಗಟ್ಟಿಯಾದ ಪದ್ಧತಿ. ಒಬ್ಬರಿಗೆ ಗಂಟಲು ಸರಿಯಿಲ್ಲ, ಇನ್ನೊಬ್ಬರಿಗೆ ಸಾಹಿತ್ಯ ಮರೆತಿದೆ. ಕೋಸಂಬರಿಯ ದೊನ್ನೆ ಹಿಡಿದು ಎಲ್ಲರೂ ನೆಲ ನೋಡುತ್ತಿದ್ದಾಗ ವಸಂತಾ ರೇಗಿ, “ಏನಾದ್ರೂ ಹಾಕ್ರೀ ಅದರಲ್ಲಿ,” ಎಂದಳು. ಏನಾದರೂ ಎಂದರೆ ಇದ್ದದ್ದು ಒಂದೇ. ಗುಂಡಿ ಒತ್ತಿದೆ. ಗುಡುಗಿತು, ಗಂಟೆ ಹೊಡೆಯಿತು, ರಾಜ–ರಾಣಿಯರ ಎಡಗಡೆಯಿಂದ ರೈಲು ಹೊರಟಿತು. ಗೋಡೆಗೊರಗಿ ಕೂತಿದ್ದ ಪಾಟಿ ಎಡದಿಂದ ಬಲಕ್ಕೆ ಮೆಲ್ಲಗೆ ತಲೆ ತಿರುಗಿಸುತ್ತ ಹೋಗಿ, ಕೊನೆಗೆ ಅಡುಗೆಮನೆಯ ಬಾಗಿಲಿನತ್ತ ದಿಟ್ಟಿಸಿದರು.

“ಅಯ್ಯೋ, ಒಳಗೇ ಹೋಯ್ತಲ್ಲ ರೈಲು! ಇನ್ನೊಂದು ತಡವೆ ಹಾಕಪ್ಪಾ!”

ಅಲ್ಲಿಂದ ನನ್ನ ಅಧಃಪತನ ಶುರುವಾಯಿತು. ಶುದ್ಧ ಸ್ವರದ ಬೆನ್ನು ಹತ್ತಿ ಅರ್ಧ ಆಯುಷ್ಯ ಕಳೆದ, ತಂಬೂರಿಯ ನಾಲ್ಕು ತಂತಿಯನ್ನು ಬೇರೆ ಬೇರೆಯಾಗಿ ಕೇಳಿಸುವ ಸ್ಪೀಕರುಗಳ ಒಡೆಯನಾದ ನಾನು, ನವರಾತ್ರಿಯುದ್ದಕ್ಕೂ ಬಂದವರಿಗೆಲ್ಲ ರೈಲು ಬಿಟ್ಟೆ. ನಮ್ಮ ಮನೆಗೆ ಕಟ್ಟಡದಲ್ಲಿ ರೈಲಿನ ಗೊಂಬೆ ಮನೆಯೆಂದು ಹೆಸರಾಯಿತು. ಆನ್‌ಲೈನಿನ ಸಲಹೆಗಾರರೂ ಸಂಸಾರ ಸಮೇತ ಬಂದರು. ವಸಂತಾ ಮೊದಮೊದಲು ನನ್ನನ್ನು ಕರೆಯುತ್ತಿದ್ದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು, ಸ್ಟೇಷನ್ ಮಾಸ್ತರರ ದರ್ಪದಲ್ಲಿ ಗುಂಡಿಯನ್ನು ತಾನೇ ಒತ್ತತೊಡಗಿದಳು. ನಾಗರಾಜನೂ ಒಂದು ಸಂಜೆ ಹೂವು ಹಣ್ಣು ಹಿಡಿದು ಬಂದು, ಶೆಲ್ಫನ್ನು ಕಣ್ಣಲ್ಲೇ ತೂಗಿ, “ಹಬ್ಬ ಆದ್ಮೇಲೆ ಎತ್ಕೊಂಡ್ಹೋಗ್ಲಾ ಅತ್ತಿಗೆ?” ಎಂದು ಹಲ್ಲು ಕಿರಿದ.

“ಎಲ್ಲಾದ್ರೂ ಉಂಟಾ ಅಣ್ಣ? ಮುಂದಿನ ವರ್ಷ ಗೊಂಬೆಗೆ ರೈಲು ಬೇಡ್ವಾ?” ಎಂದಳು ವಸಂತಾ. ಅವನ ಮುಖ ಬಾಡಿದ್ದು ಕಂಡು ನನಗಾದ ಸಂತೋಷವನ್ನು ಸಭ್ಯತೆಯ ಕಾರಣಕ್ಕೆ ವರ್ಣಿಸುವುದಿಲ್ಲ.

ವಿಜಯದಶಮಿಯ ಸಂಜೆ ಆರತಿ ಮಾಡಿ, ರಾಜ–ರಾಣಿಯರನ್ನು ಮೆಲ್ಲಗೆ ಮಲಗಿಸಿದೆವು. ಮರುದಿನ ಅವರು ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಟ್ರಂಕಿಗೆ ಮರಳಿದರು. ನನಗೆ ಮುಂದಿನದು ಗೊತ್ತಿತ್ತು. ಮರುಬೆಳಿಗ್ಗೆ ಎದ್ದು, ಕರಿಬೇವಿನೊಂದಿಗೆ ಯುದ್ಧಕ್ಕೆ ಸನ್ನದ್ಧನಾಗಿಯೇ ಹಾಲಿಗೆ ಬಂದೆ. ಮುಚ್ಚಳದ ಮೇಲೆ ಏನೂ ಇರಲಿಲ್ಲ. ಧೂಳು ಕೂಡ ಇರಲಿಲ್ಲ. ಬೀಗದ ಕೈ ಬಾಗಿಲ ಪಕ್ಕ ಹೊಸದಾಗಿ ಹೊಡೆದ ಮೊಳೆಯಲ್ಲಿ ತೂಗುತ್ತಿತ್ತು, ಶಾವಿಗೆ ಡಬ್ಬಿ ಮೇಜಿನ ಮೇಲಿತ್ತು. ವಸಂತಾ ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಿದ್ದಳು. ಜಗಳವಾಡಲು ಯಾರೂ ಸಿಗಲಿಲ್ಲ. ಖುಷಿಯಾಗಿತ್ತು. ಮಂಚದ ಕೆಳಗಿನಿಂದ ಒಂದು ತಟ್ಟೆ ತಂದು, ಮುಚ್ಚಳವನ್ನು ಸೂರಿನತ್ತ ಪೂರ್ತಿ ಎತ್ತಿ, ಬೆಳಗಿನ ರಾಗವೊಂದನ್ನು ಹಾಕಿ, ಮುಚ್ಚಳ ಇಳಿಸಿ, ಕನ್ನಡಕ ತೆಗೆದಿಟ್ಟು, ಕಣ್ಣುಮುಚ್ಚಿ ಕೇಳಿದೆ.

ಒಂದು ಬದಿ ಮುಗಿದ ಮೇಲೆ ಪತ್ರಿಕೆ ಓದೋಣವೆಂದರೆ ಕನ್ನಡಕ ಕಾಣಲಿಲ್ಲ. ಈ ಮನೆಯಲ್ಲಿ ಒಂದು ವಸ್ತು ಇಟ್ಟ ಕಡೆ ಇರುವುದಿಲ್ಲವೆಂದು, ಸಾಕಷ್ಟು ಗಟ್ಟಿಯಾಗಿಯೇ ರೇಗಿದೆ.

ಕಾಯಿ ತುರಿಯುವ ಸದ್ದು ಒಂದು ಕ್ಷಣ ನಿಂತಿತು. “ರಾಜ ರಾಣಿ ಕೂತಿದ್ದ ಜಾಗದಲ್ಲಿ ನೋಡ್ರೀ,” ಎಂದಳು ವಸಂತಾ.