ವೀರಭದ್ರನ ಚಿತ್ರದಡಿಯ ಹಳದಿ ದೀಪ

ಅಣ್ಣಾ, ಆ ಲಾರಿಯ ಎಂಜಿನ್ ಹಾಳಾದದ್ದು ನಿನ್ನಿಂದಲ್ಲ, ನನ್ನಿಂದ. ನಾನು ಸುಳ್ಳು ಹೇಳಿದ್ದು ನಿನಗೆ ಗೊತ್ತು. ಯಾಕೆ ಹೇಳಿದೆ ಎಂಬುದು ನಿನಗೆ ಗೊತ್ತಿಲ್ಲ. ಆರನೆಯ ಇಯತ್ತೆಗೆ ಶಾಲೆ ಬಿಟ್ಟವನು ನಾನು, ತೋಚಿದಂತೆ ಬರೆಯುತ್ತಿದ್ದೇನೆ.

ನೀನು ಓಡಿಸುತ್ತಿದ್ದ ಸಾಹುಕಾರರ ಹೊಸ ಲಾರಿಯನ್ನು ಚಿಕ್ಕೋಡಿಯ ನನ್ನ ಗ್ಯಾರೇಜಿಗೆ ತಂದಿದ್ದೆ. ಸ್ಟೇರಿಂಗಿನ ಮುಂದೆ, ಎಂಜಿನ್ ದೋಷ ಹೇಳುವ ಹಳದಿ ದೀಪ ಮಿಟುಕುತ್ತಿತ್ತು. ಚಹಾ ಕುಡಿಯುತ್ತ ನಿಂತಿದ್ದ ಪರವೂರಿನ ಡ್ರೈವರುಗಳಿಗೆ ನೀನು, "ನಮ್ಮ ತಮ್ಮಗ ಮಸೀನ್ ಗಿಸೀನ್ ಬ್ಯಾಡ್ರೋ. ಅಂವ ಕಿವಿ ಹಚ್ಚಿದ್ನಂದ್ರ ಎಂಜಿನ್ ತಾನ ಬಾಯಿ ಬಿಡತೈತಿ" ಎಂದೆ.

ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗಿಟ್ಟು, ಹಿಡಿಗೆ ಕಿವಿ ಕೊಟ್ಟೆ. ಒಂದು ಸಿಲಿಂಡರು ತಾಳ ತಪ್ಪುತ್ತಿತ್ತು. ಯಾಕೆಂದು ತಿಳಿಯಲಿಲ್ಲ — ಅಣ್ಣಾ, ನನಗೆ ತಿಳಿಯಲಿಲ್ಲ. ಆ ದೀಪ ಸುಮ್ಮನೆ ಉರಿದರೆ ತೋರಿಸಬೇಕು, ಮಿಟುಕಿದರೆ ಗಾಡಿಯನ್ನೇ ನಿಲ್ಲಿಸಬೇಕು ಎಂದು ಕೇಳಿದ್ದೆ. ದೋಷ ಓದುವ ಯಂತ್ರ ನಿಪ್ಪಾಣಿಯಲ್ಲಿತ್ತು. ಅಲ್ಲಿಗೆ ಹೋಗು ಎನ್ನಲು, ಅಷ್ಟು ಜನರ ಮುಂದೆ...

"ಸೆನ್ಸರ್ ಕೆಟ್ಟೈತಿ. ಏನೂ ಆಗೂದಿಲ್ಲ, ಹೊಡಿ" ಎಂದೆ. ದೀಪದ ಮೇಲೆ ಯಡೂರಿನ ವೀರಭದ್ರನ ಚಿತ್ರ ಅಂಟಿಸಿದೆ. ಟೇಪು ಹಚ್ಚಿದ್ದರೆ ನೀನು ಕಿತ್ತು ನೋಡುತ್ತಿದ್ದೆ. ದೇವರನ್ನು ಕೀಳುವವನಲ್ಲ ನೀನು — ಅದು ಗೊತ್ತಿದ್ದೇ ಹಾಗೆ ಮಾಡಿದೆ.

ಮರುದಿನ ದ್ರಾಕ್ಷಿ ತುಂಬಿದ ಲಾರಿ ಕಾಗವಾಡದ ಹತ್ತಿರ ನಿಂತುಬಿಟ್ಟಿತು. ಬಿಚ್ಚಿ ನೋಡಲು ಸಾಹುಕಾರರು ನನ್ನನ್ನೇ ಕರೆಸಿದರು. ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಸೋರಿ ಪಿಸ್ಟನ್ನಿಗೆ ತೂತು ಬಿದ್ದಿತ್ತು. ಸಾಹುಕಾರರು ಚಿತ್ರ ಕಿತ್ತು ನೋಡಿ, "ದೇವರ್ನ ಅಡ್ಡ ಇಟ್ಟ ಗಾಡಿ ಹೊಡದಿಯೇನ್ಲೇ?" ಎಂದು ನಿನ್ನನ್ನು ಬೈದರು. ನನ್ನತ್ತ ತಿರುಗಿದರು: "ನಿನಗ ತೋರ್ಸಿದ್ನೇನ?"

"ಇಲ್ಲರಿ. ನನ್ನ ಕಡೆ ಗಾಡೀನ ತಂದಿಲ್ಲ."

ನೀನು ನನ್ನ ಮುಖ ನೋಡಿದೆ. ಸಾಹುಕಾರರಿಗೆ ಕೀಲಿ ಕೊಟ್ಟು ನಡೆದುಹೋದೆ. ಆಮೇಲೆ ಯಾರೂ ನಿನ್ನ ಕೈಗೆ ಸ್ಟೇರಿಂಗ್ ಕೊಡಲಿಲ್ಲ.

ಹೋದ ವಾರ ಅಥಣಿಯಲ್ಲಿ ನಿನ್ನನ್ನು ಕಂಡೆ. ದ್ರಾಕ್ಷಿ ಡಬ್ಬಿ ಏರಿಸಲು ನಿಂತು, ಯಾರದೋ ಲಾರಿಗೆ "ಬರ್ಲಿ, ಬರ್ಲಿ" ಎಂದು ಹಿಂದಿನಿಂದ ಕೈ ಮಾಡುತ್ತಿದ್ದೆ. ನಾನು ಗೋಡೆಯ ಮರೆಗೆ ಸರಿದೆ — ಕಾಗವಾಡದಂತೆ ಅವತ್ತೂ ಸರಿದೆ.

ಇಂದು ಸಾಹುಕಾರರಿಗೆ ಎಲ್ಲವನ್ನೂ ಹೇಳಿದೆ. ಅವರು, "ಎಂಟ ವರ್ಷ ಆತಲ್ಲೋ. ಅಂವ ಒಂದ ದಿನಾನೂ ನಿನ್ನ ಹೆಸರ ಎತ್ತಲಿಲ್ಲ" ಎಂದರು.

ನಾಳೆ ಬರುತ್ತೇನೆ. ನಿನ್ನ ಮನೆಗಲ್ಲ, ನಿನ್ನ ಜೊತೆ ಡಬ್ಬಿ ಹೊರುವವರೆಲ್ಲ ಇರುವಲ್ಲಿಗೆ. ನೀನು ಮುಖ ತಿರುಗಿಸಿದರೂ ಹೇಳುತ್ತೇನೆ.